ಸಹಾಧ್ಯಾಯಿಗಳಿಂದ ಕಲಿಕೆಯೂ ಪ್ರಾಧ್ಯಾಪಕರ ಹೊಣೆಯೂ

ತಾನು ಕಲಿತುದನ್ನು ಜೊತೆಯವನಿಗೆ ತಿಳಿಯಹೇಳುವುದು ವಿದ್ಯೆಯಷ್ಟೇ ಪುರಾತನವಾದ ರೂಢಿ. ಈ ಸಹಜವಾದ ರೂಢಿಯನ್ನು ಒಂದು ಕ್ರಮಕ್ಕೆ ಒಳಪಡಿಸಿ, ವಿಶ್ವವಿದ್ಯಾನಿಲಯದ ಶಿಕ್ಷಣದಲ್ಲಿ ಅದಕ್ಕೊಂದು ನಿಯತವಾದ ಸ್ಥಾನವನ್ನು ಕಲ್ಪಿಸುವ ಪ್ರಯತ್ನ ಕಳೆದ ಅರ್ಧ ಶತಮಾನದಲ್ಲಿ ಹಲವು ದೇಶಗಳಲ್ಲಿ ನಡೆದಿದೆ. ಹಿರಿಯ ತರಗತಿಯ ವಿದ್ಯಾರ್ಥಿಯು ಕಿರಿಯರೊಡನೆ ಕುಳಿತು ಪಾಠವನ್ನು ಮಥಿಸುವ ಇಂತಹ ಗೋಷ್ಠಿಗಳಲ್ಲಿ ಪ್ರಾಧ್ಯಾಪಕರ ಪಾತ್ರವೇನು? ಅವರು ಎಷ್ಟು ದೂರ ಜೊತೆಗೆ ಬರಬೇಕು, ಎಲ್ಲಿ ನಿಲ್ಲಬೇಕು? ಇದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಇತಿಹಾಸದ ಒಂದು ಪುಟವನ್ನು ನೋಡಬಹುದು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಮಕ್ಕಳ ಅನಾಥಾಲಯಕ್ಕೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ಈ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ತರಲೆಳಸಿದನು. ಅಲ್ಲಿನ ಉಪಾಧ್ಯಾಯರು ಒಪ್ಪದಿರಲು, ಆ ಕೆಲಸವನ್ನು ಒಬ್ಬ ವಿದ್ಯಾರ್ಥಿಗೇ ವಹಿಸಿದನು. ಬಲ್ಲ ಹುಡುಗರಿಂದ ಅರಿಯದ ಹುಡುಗರಿಗೆ ಪಾಠ ಹೇಳಿಸುವ ಈ ಕ್ರಮವನ್ನು ಅವನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ವರದಿಯಲ್ಲಿ ವರ್ಣಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು.

ಈ ಮಾತಿಗೆ ಕನ್ನಡ ನಾಡಿನ ಸಾಕ್ಷ್ಯವೂ ಉಂಟು. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ಒಂದು ವರದಿಯನ್ನು ಕಳಿಸಿದನು. ಅದರಂತೆ ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದವರು ಒಟ್ಟು 6,641 ಮಂದಿ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ, ಕಲಿಸುವುದರಿಂದಲೇ ತಮ್ಮ ತಿಳಿವನ್ನು ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಅವನು ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡು ಅದನ್ನು ಅನುಕರಿಸಿದುದು ಯುಕ್ತವೇ ಆಯಿತೆಂದಿದ್ದಾನೆ. ಅಲ್ಲಿ ಓದಿಸುತ್ತಿದ್ದ ಗ್ರಂಥಗಳ ಪಟ್ಟಿಯಲ್ಲಿ ಲಿಂಗವಂತರ ಮಕ್ಕಳು ಓದುತ್ತಿದ್ದ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣಗಳ ಹೆಸರೂ ಇವೆ.

ಆದರೆ ಅದೇ ವರದಿಯಲ್ಲಿ ಒಂದು ಕಟುವಾದ ಮಾತೂ ಇದೆ. ಪದ್ಯಗ್ರಂಥಗಳ ಭಾಷೆ ಆಡುನುಡಿಗಿಂತ ಬೇರೆಯಾದುದರಿಂದ, ಹುಡುಗರು ಅಕ್ಷರಗಳನ್ನು ಓದಬಲ್ಲರಾದರೂ ಅರ್ಥವನ್ನು ಅರಿಯರು. ಎಷ್ಟೋ ವೇಳೆ ಕಲಿಸುವವನೇ ಅರ್ಥವನ್ನು ಅರಿತಿರುವುದಿಲ್ಲ ಎಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಈ ಎರಡು ಮಾತುಗಳನ್ನು ಕೂಡಿಸಿ ನೋಡಿದರೆ ನಮ್ಮ ವಿಷಯದ ತಿರುಳು ದೊರೆಯುತ್ತದೆ. ಒಬ್ಬ ವಿದ್ಯಾರ್ಥಿಯಿಂದ ಇನ್ನೊಬ್ಬನಿಗೆ ವಿದ್ಯೆ ಹರಿಯಬಲ್ಲುದು, ನಿಜ. ಆದರೆ ಮೂಲದಲ್ಲಿ ಅರ್ಥವಿಲ್ಲದಿದ್ದರೆ ಹರಿಯುವುದು ಬರಿಯ ಶಬ್ದ ಮಾತ್ರ. ಒಬ್ಬ ಗುರುವಿನಿಂದ ನೂರಾರು ಮಕ್ಕಳ ಶಾಲೆಯನ್ನು ಅಗ್ಗವಾಗಿ ನಡೆಸುವ ಉಪಾಯವಾಗಿ ಈ ಪದ್ಧತಿಯನ್ನು ಬಳಸಿದಾಗ ಅದು ಬಾಯಿಪಾಠದ ಯಂತ್ರವಾಯಿತು. ಸಹಾಧ್ಯಾಯಿಯು ಗುರುವಿನ ಬದಲಿಗೆ ಬರಬಾರದು, ಗುರುವಿನ ಪಾಠಕ್ಕೆ ಒತ್ತಾಸೆಯಾಗಿ ಬರಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಈ ತತ್ತ್ವವನ್ನು ಉನ್ನತ ಶಿಕ್ಷಣದಲ್ಲಿ ವಿವೇಕದಿಂದ ಅಳವಡಿಸಿದ ಪ್ರಸಿದ್ಧ ನಿದರ್ಶನ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸ್ಸೌರಿ ವಿಶ್ವವಿದ್ಯಾನಿಲಯದ್ದು. ಅಲ್ಲಿ ವೈದ್ಯಕೀಯ, ದಂತವೈದ್ಯ ಮೊದಲಾದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳು ನಡುವೆಯೇ ಓದನ್ನು ಬಿಡುತ್ತಿದ್ದುದನ್ನು ತಡೆಯಲೆಂದು ಡಿಯಾನಾ ಮಾರ್ಟಿನ್ ಎಂಬ ಶಿಕ್ಷಣತಜ್ಞೆ 1973ರಲ್ಲಿ ಒಂದು ಯೋಜನೆಯನ್ನು ರೂಪಿಸಿದರು. ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಎಂಬ ಹೆಸರಿನ ಇದನ್ನು ನಾವು ಪೂರಕ ಬೋಧನೆ ಎನ್ನಬಹುದು. 1981ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯು ಇದನ್ನು ಮಾದರಿ ಯೋಜನೆಯೆಂದು ಮನ್ನಿಸಿತು. ಅನಂತರ ಇದು ಬೇರೆ ದೇಶಗಳಿಗೂ ಹಬ್ಬಿತು. ಆಸ್ಟ್ರೇಲಿಯದ ವುಲಂಗಾಂಗ್, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯಗಳು ತಮ್ಮ ತಮ್ಮ ವಲಯಗಳಲ್ಲಿ ಇದಕ್ಕೆ ಕೇಂದ್ರಗಳಾದವು.

ಈ ಯೋಜನೆಯ ಹಿರಿಮೆ ಅದರ ಮೊದಲ ಹೆಜ್ಜೆಯಲ್ಲಿಯೇ ಇದೆ. ಅದು ದುರ್ಬಲ ವಿದ್ಯಾರ್ಥಿಗಳನ್ನು ಹುಡುಕಿ ಬೇರ್ಪಡಿಸುವುದಿಲ್ಲ. ಕಠಿಣವಾದ ವಿಷಯವನ್ನು ಗುರುತಿಸುತ್ತದೆ. ಯಾವ ವಿಷಯದಲ್ಲಿ ಕನಿಷ್ಠ ದರ್ಜೆ ಪಡೆಯುವವರು, ಅನುತ್ತೀರ್ಣರಾಗುವವರು, ನಡುವೆ ಬಿಟ್ಟುಹೋಗುವವರು ಎಲ್ಲರೂ ಸೇರಿ ನೂರಕ್ಕೆ 30ಕ್ಕಿಂತ ಹೆಚ್ಚಾಗುವರೋ, ಅಂತಹ ವಿಷಯಕ್ಕೆ ಗೋಷ್ಠಿಗಳನ್ನು ಏರ್ಪಡಿಸುತ್ತಾರೆ. ಗೋಷ್ಠಿಯ ಬಾಗಿಲು ತರಗತಿಯ ಎಲ್ಲರಿಗೂ ತೆರೆದಿರುತ್ತದೆ, ಹಾಜರಾತಿ ಐಚ್ಛಿಕ. ಮೊದಲ ಪರೀಕ್ಷೆಯಲ್ಲಿ ಸೋತ ಮೇಲೆ ಅಲ್ಲ, ಪಾಠ ಆರಂಭವಾದ ಮೊದಲ ವಾರಗಳಿಂದಲೇ ಅದು ನಡೆಯುತ್ತದೆ. ಜಾಣನೂ ಅಲ್ಲಿಗೆ ಹೋಗುವುದರಿಂದ, ಅಲ್ಲಿಗೆ ಹೋಗುವವನು ದಡ್ಡನೆಂಬ ಹಣೆಪಟ್ಟಿ ಯಾರಿಗೂ ಅಂಟುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಕಳೆದ ನಾನು ಬಲ್ಲೆ: ಎಷ್ಟೋ ಮಕ್ಕಳನ್ನು ಕೆಡಿಸುವುದು ಬುದ್ಧಿಯ ಕೊರತೆಯಲ್ಲ, ಕೇಳಿದರೆ ನಗುವರೆಂಬ ನಾಚಿಕೆ. ಗುರುವಿನ ಮುಂದೆ ತೆರೆಯದ ಬಾಯಿ ಪಕ್ಕದಲ್ಲಿ ಕುಳಿತ ಗೆಳೆಯನ ಮುಂದೆ ತೆರೆಯುತ್ತದೆ.

ಗೋಷ್ಠಿಯನ್ನು ನಡೆಸುವವನು ಅದೇ ವಿಷಯವನ್ನು ಹಿಂದೆ ಓದಿ ಚೆನ್ನಾಗಿ ಉತ್ತೀರ್ಣನಾದ ವಿದ್ಯಾರ್ಥಿ. ಅವನಿಗೆ ಮುಂಚಿತವಾಗಿ ತರಬೇತಿ ಕೊಡುತ್ತಾರೆ. ಅವನು ಮತ್ತೆ ಆ ತರಗತಿಯಲ್ಲಿ ಕುಳಿತು ಪ್ರತಿಯೊಂದು ಉಪನ್ಯಾಸವನ್ನೂ ಕೇಳಿ ಟಿಪ್ಪಣಿ ಬರೆಯುತ್ತಾನೆ. ಗೋಷ್ಠಿಯಲ್ಲಿ ಅವನು ಉಪನ್ಯಾಸವನ್ನು ಪುನಃ ಮಾಡುವುದಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಥಟ್ಟನೆ ಉತ್ತರ ಹೇಳದೆ, “ಈ ಮಾತು ಸೋಮವಾರದ ಪಾಠದಲ್ಲಿ ಎಲ್ಲಿ ಬಂದಿತ್ತು? ನಿಮ್ಮ ಟಿಪ್ಪಣಿಯಲ್ಲಿ ಏನಿದೆ?” ಎಂದು ಗುಂಪಿನತ್ತ ಅದನ್ನು ತಿರುಗಿಸುತ್ತಾನೆ. ವಿಷಯವನ್ನು ಹೇಗೆ ಓದಬೇಕು, ಟಿಪ್ಪಣಿಯನ್ನು ಹೇಗೆ ಜೋಡಿಸಬೇಕು, ಪರೀಕ್ಷೆಯ ಪ್ರಶ್ನೆಯನ್ನು ಹೇಗೆ ಊಹಿಸಬೇಕು ಎಂಬುದು ವಿಷಯದ ಜೊತೆಯಲ್ಲಿಯೇ ಕಲಿಕೆಗೆ ಬರುತ್ತದೆ.

ಇನ್ನು ಪ್ರಾಧ್ಯಾಪಕರ ಪಾತ್ರ. ಮೊದಲನೆಯದು ಸಮ್ಮತಿ. ಪ್ರಾಧ್ಯಾಪಕರು ಒಪ್ಪದ ತರಗತಿಯಲ್ಲಿ ಈ ಯೋಜನೆಯನ್ನು ಹೇರುವುದಿಲ್ಲ. ಗೋಷ್ಠಿ ನಡೆಯುವುದು ತನ್ನ ಪಾಠ ಕೆಟ್ಟುದೆಂಬ ಕಾರಣಕ್ಕಲ್ಲ, ವಿಷಯ ಗಹನವಾದುದೆಂಬ ಕಾರಣಕ್ಕೆ ಎಂದು ಅವರಿಗೆ ಮನವರಿಕೆಯಾಗಬೇಕು. ಎರಡನೆಯದು ಆಯ್ಕೆ. ನಾಯಕನಾಗಲು ಯಾರು ತಕ್ಕವರೆಂಬುದನ್ನು ವಿಷಯದ ಮಟ್ಟಿಗೆ ಪ್ರಾಧ್ಯಾಪಕರೇ ಹೇಳಬೇಕು. ಕೇವಲ ಹೆಚ್ಚು ಅಂಕ ಪಡೆದವನಿಗಿಂತ, ತಾನು ಎಡವಿದ ಜಾಗವನ್ನು ನೆನಪಿನಲ್ಲಿಟ್ಟುಕೊಂಡು ತಾಳ್ಮೆಯಿಂದ ಕೇಳಬಲ್ಲವನು ಈ ಕೆಲಸಕ್ಕೆ ಮೇಲು.

ಮೂರನೆಯದು ಪ್ರಚಾರ. ಪ್ರಾಧ್ಯಾಪಕರು ಮೊದಲ ದಿನವೇ ನಾಯಕನನ್ನು ತರಗತಿಗೆ ಪರಿಚಯಿಸಿ, ಗೋಷ್ಠಿಯ ವೇಳೆಯನ್ನು ತಿಳಿಸಬೇಕು. ಆದರೆ ಆಡುವ ಮಾತಿನಲ್ಲಿ ಎಚ್ಚರ ಬೇಕು. “ಕಡಮೆ ಅಂಕ ಬಂದವರು ಅಲ್ಲಿಗೆ ಹೋಗಿ” ಎಂದು ಒಮ್ಮೆ ಹೇಳಿದರೆ ಸಾಕು, ಬರಬೇಕಾದವರೇ ಬರುವುದಿಲ್ಲ. “ಈ ವಿಷಯ ಎಲ್ಲರಿಗೂ ಕಠಿಣ, ಕೂಡಿ ಓದಿದರೆ ಸುಲಭ” ಎಂದರೆ ಎಲ್ಲರೂ ಬರಬಹುದು. ನಾಲ್ಕನೆಯದು ಭೇಟಿ. ನಾಯಕನನ್ನು ಆಗಾಗ ಕರೆದು ಮಾತನಾಡಿಸಿ, ಯಾವ ಭಾಗ ಬಹುಮಂದಿಗೆ ತಿಳಿಯಲಿಲ್ಲ ಎಂಬುದನ್ನು ಕೇಳಬೇಕು. ಯಾರು ಕೇಳಿದರು ಎಂದು ಅಲ್ಲ, ಏನನ್ನು ಕೇಳಿದರು ಎಂದು. ತನ್ನ ಉಪನ್ಯಾಸ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಏನಾಯಿತೆಂಬುದು ಪರೀಕ್ಷೆಗೆ ಮುಂಚೆಯೇ ಗುರುವಿಗೆ ತಿಳಿಯುವ ಮಾರ್ಗ ಇದು.

ಐದನೆಯದೇ ಎಲ್ಲಕ್ಕಿಂತ ಕಠಿಣವಾದುದು: ಎಲ್ಲೆಯನ್ನು ಕಾಯುವುದು. ಪ್ರಾಧ್ಯಾಪಕರು ಗೋಷ್ಠಿಗೆ ತಾವಾಗಿ ಬಂದು ಕೂರಬಾರದು. ನಾಯಕನಿಂದ ಉತ್ತರಪತ್ರಿಕೆಗಳನ್ನು ತಿದ್ದಿಸಬಾರದು, ಅವನಿಗೆ ಪ್ರಶ್ನಪತ್ರಿಕೆಯ ಸುಳಿವು ಕೊಡಬಾರದು. ಗೋಷ್ಠಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅಂತಿಮ ದರ್ಜೆಗಳನ್ನು ಕೊಟ್ಟು ಮುಗಿಯುವವರೆಗೂ ಅವರಿಗೆ ತಿಳಿಯದಿರುವುದೇ ಒಳ್ಳೆಯದು. ಅಂಕ ಕೊಡುವ ಕಣ್ಣು ಅಲ್ಲಿಯೂ ನೋಡುತ್ತಿದೆಯೆಂದು ಅನಿಸಿದ ಕೂಡಲೆ ಗೋಷ್ಠಿ ಮತ್ತೊಂದು ತರಗತಿಯಾಗುತ್ತದೆ. ನಾಚಿಕೆ ಮರಳಿ ಬರುತ್ತದೆ.

ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಅನುಭವವೂ ಗಮನಾರ್ಹವಾದುದು. 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು, ಕಲನಶಾಸ್ತ್ರದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಏಕೆ ಹೆಚ್ಚಾಗಿ ಸೋಲುತ್ತಾರೆಂದು ಸಹೋದ್ಯೋಗಿಗಳನ್ನು ವಿಚಾರಿಸಿದರು. ಆಸಕ್ತಿಯಿಲ್ಲ, ಅಡಿಪಾಯವಿಲ್ಲ, ಮನೆಯ ಬೆಂಬಲವಿಲ್ಲ ಎಂಬ ಉತ್ತರಗಳು ಬಂದವು. ಅವರು ಆ ವಿದ್ಯಾರ್ಥಿಗಳಲ್ಲಿ ಇಪ್ಪತ್ತು ಮಂದಿಯನ್ನೂ ಚೀನೀ ಮೂಲದ ಇಪ್ಪತ್ತು ಮಂದಿಯನ್ನೂ ಹತ್ತಿರದಿಂದ ನೋಡಿದಾಗ ಆ ಊಹೆಗಳು ನಿಲ್ಲಲಿಲ್ಲ. ಮೊದಲಿನವರು ಗುರುಗಳು ಹೇಳಿದಂತೆ ವಾರಕ್ಕೆ ಎಂಟು ಗಂಟೆ ಒಬ್ಬೊಬ್ಬರೇ ಕುಳಿತು ಶ್ರದ್ಧೆಯಿಂದ ಓದುತ್ತಿದ್ದರು. ಎರಡನೆಯವರು ವಾರಕ್ಕೆ ಹದಿನಾಲ್ಕು ಗಂಟೆ ಓದುತ್ತಿದ್ದರು; ಅದರಲ್ಲಿ ಒಂದು ಭಾಗ ಒಬ್ಬರ ಲೆಕ್ಕವನ್ನು ಒಬ್ಬರು ತಿದ್ದುತ್ತ ಕೂಡಿ ಓದುವುದಾಗಿತ್ತು. ಟ್ರೈಸ್‌ಮನ್ನರು ಸುಲಭ ಲೆಕ್ಕಗಳ ಮರುಪಾಠವನ್ನು ಏರ್ಪಡಿಸಲಿಲ್ಲ; ಹೆಚ್ಚು ಕಠಿಣವಾದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಗೋಷ್ಠಿಗಳನ್ನು ತೆರೆದರು. ಸೋಲುತ್ತಿದ್ದವರು ಗೆಲ್ಲತೊಡಗಿದರು. ಶಿಷ್ಯನ ಸೋಲಿಗೆ ಗುರುವು ಊಹೆಯಿಂದ ಕಾರಣ ಹೇಳುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಎದುರಿಸಬೇಕು. ಗೋಷ್ಠಿಗೆ ತಾವಾಗಿ ಬರುವವರು ಮೊದಲೇ ಹೆಚ್ಚು ಶ್ರದ್ಧೆಯುಳ್ಳವರು, ಅವರು ಹೇಗಿದ್ದರೂ ಗೆಲ್ಲುತ್ತಿದ್ದರಲ್ಲವೆ? ಈ ಪ್ರಶ್ನೆ ನ್ಯಾಯವಾದುದೇ. 2014ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಸಮೀಕ್ಷೆಯು, ಗೋಷ್ಠಿಗೆ ಬಂದವರ ಅಂಕಗಳು ಮೇಲೇರಿದುದನ್ನೂ ಅನುತ್ತೀರ್ಣತೆ ಇಳಿದುದನ್ನೂ ಗುರುತಿಸಿತು. ಆದರೆ ಅಧ್ಯಯನಗಳ ಗುಣಮಟ್ಟ ಒಂದೇ ಸಮನಾಗಿಲ್ಲವೆಂದೂ ಹೇಳಿತು. ಆದುದರಿಂದ ಗೋಷ್ಠಿಗಳನ್ನು ಸರ್ವರೋಗ ನಿವಾರಕವೆಂದು ಬಗೆಯುವುದು ಸಲ್ಲದು. ಬಂದವರ ಮತ್ತು ಬಾರದವರ ಹಿಂದಿನ ಅಂಕಗಳನ್ನೂ ಹೋಲಿಸಿ ನೋಡಿಯೇ ಫಲವನ್ನು ಅಳೆಯಬೇಕು.

ಇದನ್ನು ಆರಂಭಿಸಲು ದೊಡ್ಡ ಹಣವಾಗಲಿ ಕಟ್ಟಡವಾಗಲಿ ಬೇಕಾಗಿಲ್ಲ. ಒಂದು ವಿಷಯ, ಒಪ್ಪಿದ ಒಬ್ಬ ಪ್ರಾಧ್ಯಾಪಕ, ತರಬೇತಿ ಪಡೆದ ಒಬ್ಬ ಹಿರಿಯ ವಿದ್ಯಾರ್ಥಿ, ವಾರಕ್ಕೆ ಮೂರು ಗಂಟೆ ಖಾಲಿಯಿರುವ ಒಂದು ಕೊಠಡಿ ಇಷ್ಟಿದ್ದರೆ ಸಾಕು. ನಾಯಕನ ಶ್ರಮಕ್ಕೆ ತಕ್ಕ ಸಂಭಾವನೆಯನ್ನು ಕೊಡುವುದು ಮಾತ್ರ ಅಗತ್ಯ. ಬಿಟ್ಟಿ ದುಡಿಮೆಯ ಮೇಲೆ ಕಟ್ಟಿದುದು ಬಹುಕಾಲ ನಿಲ್ಲದು. ಹಳ್ಳಿಯಿಂದ ಬಂದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ವಿದ್ಯಾರ್ಥಿಗೆ ಮೊದಲ ವರ್ಷವೇ ಗಂಡಾಂತರದ ವರ್ಷ. ಅಲ್ಲಿ ಎಡವಿ ಊರಿಗೆ ಮರಳಿದವನು ಮತ್ತೆ ಬರುವುದು ವಿರಳ. ಆ ಹೊತ್ತಿನಲ್ಲಿ, ಹಿಂದಿನ ವರ್ಷ ಅದೇ ದಾರಿಯನ್ನು ನಡೆದವನೊಬ್ಬನು ಪಕ್ಕದಲ್ಲಿ ಕುಳಿತು “ನನಗೂ ಇದು ತಿಳಿದಿರಲಿಲ್ಲ, ಬಾ ನೋಡೋಣ” ಎನ್ನುವುದಕ್ಕೆ ಬೆಲೆ ಕಟ್ಟಲಾಗದು. ಅವನು ಹಾಗೆ ಕುಳಿತುಕೊಳ್ಳಲು ಎಡೆಮಾಡಿಕೊಟ್ಟು ತಾವು ಸ್ವಲ್ಪ ಹಿಂದೆ ಸರಿದು ನಿಲ್ಲುವುದು ಪ್ರಾಧ್ಯಾಪಕರ ಘನತೆಗೆ ಕುಂದಲ್ಲ. ಅದೂ ಬೋಧನೆಯ ಒಂದು ಅಂಗವೇ.