ನಲವತ್ತು ದಿನಗಳ ತಪಸ್ಸುಕಾಲ



ಫೆಬ್ರವರಿ ಅಥವಾ ಮಾರ್ಚ್‌ನ ಒಂದು ಬುಧವಾರ ನಿಮ್ಮ ಸಹಪಾಠಿಯೊಬ್ಬರು ಹಣೆಯ ಮೇಲೆ ಬೂದಿಯ ಶಿಲುಬೆಗುರುತು ಇಟ್ಟುಕೊಂಡು ತರಗತಿಗೆ ಬಂದದ್ದನ್ನು ನೀವು ನೋಡಿರಬಹುದು. ಎಡೆಯೂರು ಸಿದ್ಧಲಿಂಗೇಶ್ವರರ ಸನ್ನಿಧಿಯಲ್ಲಿ ವಿಭೂತಿ ಧರಿಸಿದವರನ್ನು ಕಂಡು ಬೆಳೆದ ಕುಣಿಗಲ್ ಕಡೆಯವರಿಗೆ ಇದು ತೀರಾ ಹೊಸದೆನಿಸದು. ಕನ್ನಡ ಕ್ಯಾಥೋಲಿಕರು ಆ ದಿನವನ್ನು ‘ವಿಭೂತಿ ಬುಧವಾರ’ ಎಂದೂ ಕರೆಯುತ್ತಾರೆ. ಅರ್ಥ ಮಾತ್ರ ಬೇರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನೇ ಸುಟ್ಟು ಈ ಬೂದಿ ಮಾಡುವುದು ರೂಢಿ. ಜಯಕಾರದ ಗರಿ ಬೂದಿಯಾಯಿತು, ಮನುಷ್ಯನೂ ಮಣ್ಣಿನವನೇ. ಆದುದರಿಂದ ಮನಸ್ಸನ್ನು ದೇವರ ಕಡೆಗೆ ತಿರುಗಿಸಬೇಕೆಂಬುದು ಅದರ ಸೂಚನೆ.

ಅಂದಿನಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಲೆಕ್ಕ ಹಾಕಿ ನೋಡಿ: 46 ದಿನ. ಪುನರುತ್ಥಾನದ ನೆನಪಿನ 6 ಭಾನುವಾರಗಳನ್ನು ಕಳೆದರೆ 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದು ಶೋಧನೆಗಳನ್ನು ಎದುರಿಸಿದ ದಿನಗಳೂ ಅಷ್ಟೇ. ಇಂಗ್ಲಿಷಿನ ‘ಲೆಂಟ್’ ಎಂಬ ಪದ ಹಗಲು ಉದ್ದವಾಗುವ ವಸಂತಕ್ಕೆ ಸಂಬಂಧಿಸಿದ್ದು. ನಮ್ಮ ‘ತಪಸ್ಸು’ ಕಾಯುವುದು, ಬಿಸಿಯಾಗುವುದು ಎಂಬ ಧಾತುವಿನಿಂದ ಬಂದದ್ದು. ವಿಜ್ಞಾನ ಓದಿದ ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಕಾಯದ ಅದಿರಿನಿಂದ ಕಬ್ಬಿಣ ಬರುವುದುಂಟೆ?

ಕ್ಯಾಥೋಲಿಕರಲ್ಲಿ 18ರಿಂದ 59 ವಯಸ್ಸಿನವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ಣ ಊಟ ಮಾಡಬೇಕು. 14 ತುಂಬಿದವರು ಈ ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಗುಬ್ಬಿಯಲ್ಲಿ 1837ರಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನಂಥ ಪ್ರೊಟೆಸ್ಟೆಂಟ್ ಪರಂಪರೆಗಳಲ್ಲಿ ಇದು ಬಹುಮಟ್ಟಿಗೆ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಆದರೆ ಹೊಟ್ಟೆ ಖಾಲಿ ಬಿಟ್ಟರಷ್ಟೇ ತಪಸ್ಸಲ್ಲ. ಉಪವಾಸ, ಪ್ರಾರ್ಥನೆ, ದಾನ ಮೂರೂ ಜೊತೆಯಾಗಿರಬೇಕು: ಉಳಿದ ತುತ್ತು ಹಸಿದವನಿಗೆ ಸೇರಬೇಕು. ಒಂದು ಸ್ವಾರಸ್ಯ ಗಮನಿಸಿ. ಹಣೆಗೆ ಬೂದಿ ಹಚ್ಚುವ ದಿನವೇ ಕ್ಯಾಥೋಲಿಕ್ ದೇವಾಲಯಗಳಲ್ಲಿ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಭಾಗವೊಂದನ್ನು ಓದುತ್ತಾರೆ. ಉಪವಾಸವಿದ್ದಾಗ ಮುಖ ತೊಳೆದುಕೊಂಡಿರಿ, ಜನರಿಗೆ ತೋರಿಸಿಕೊಳ್ಳಬೇಡಿ ಎಂಬುದು ಅಲ್ಲಿನ ಬೋಧನೆ! ಬೂದಿ ಎಲ್ಲರಿಗೂ ಕಾಣುತ್ತದೆ, ಉಪವಾಸ ಯಾರಿಗೂ ಕಾಣಬಾರದು. ಇದು ಎಷ್ಟು ಕಷ್ಟವೆಂದು ನನಗೆ ಅರ್ಥವಾದದ್ದು ಹುತ್ರಿದುರ್ಗದಲ್ಲಿ.

ಮಾರ್ಚ್‌ನ ಒಂದು ಶುಕ್ರವಾರ ಚಿತ್ರೀಕರಣಕ್ಕೆ ಹೋಗಿದ್ದೆವು. ಕೋಟೆಯ ಬಾಗಿಲುಗಳನ್ನು ದಾಟಿ, ಮೇಲೆ ಶಂಕರೇಶ್ವರ ದೇವಾಲಯದ ಬಳಿ ಚಿತ್ರಾನ್ನದ ಪೊಟ್ಟಣ ಬಿಚ್ಚಿದೆವು. ನಮ್ಮ ಕ್ಯಾಮೆರಾ ಸಹಾಯಕ ತನ್ನ ಪೊಟ್ಟಣವನ್ನು ಆಡು ಕಾಯುವ ಹುಡುಗನಿಗೆ ಕೊಟ್ಟು, “ಹಸಿವಿಲ್ಲ ಸಾರ್” ಎಂದ. “ಬಿಸಿಲಲ್ಲಿ ತಲೆ ತಿರುಗಿ ಬಿದ್ದರೆ ಯಾರಪ್ಪಾ ಹೊಣೆ?” ಎಂದು ರೇಗಿದೆ. ಅವನು ನಕ್ಕು ಟ್ರೈಪಾಡ್ ಹೊತ್ತ. ಉಪವಾಸದ ಸಂಗತಿ ತಿಳಿದದ್ದು ಈಸ್ಟರ್ ಕಳೆದ ಮೇಲೆ, ಅದೂ ಅವನ ತಾಯಿಯ ಬಾಯಿಂದ.