ಒಂದೇ ಸೀಟಿನ ಕಾರು, ಗುರು ಕೂರುವುದೆಲ್ಲಿ?

ಗರಡಿ ಮನೆಯಲ್ಲಿ ವಯಸ್ಸಾದ ಉಸ್ತಾದರು ಮಣ್ಣಿಗಿಳಿದು, ಹುಡುಗನ ಮಣಿಕಟ್ಟು ಹಿಡಿದೇ ಪಟ್ಟು ಕಲಿಸುತ್ತಾರೆ. ಶಿಷ್ಯ ಶ್ರುತಿ ತಪ್ಪಿದರೆ ಸಂಗೀತದ ಮೇಷ್ಟರು ತಾವೇ ದನಿಗೂಡಿಸುತ್ತಾರೆ. ಮೋಟಾರು ರೇಸಿನ ಗುರುವಿಗೆ ಈ ಭಾಗ್ಯವಿಲ್ಲ. ಫಾರ್ಮುಲಾ ಕಾರಿನಲ್ಲಿರುವುದು ಒಂದೇ ಸೀಟು. ಕಲಿಯುವವನು ತಪ್ಪು ಮಾಡುವ ಕ್ಷಣದಲ್ಲಿ ಕಲಿಸುವವರು ದೂರದಲ್ಲೆಲ್ಲೋ ನಿಂತಿರುತ್ತಾರೆ. ಹಾಗಾಗಿ ನಿವೃತ್ತ ಚಾಲಕರು ಹೊಸಬರಿಗೆ ತರಬೇತಿ ಕೊಡಬೇಕೆ ಎಂಬ ಪ್ರಶ್ನೆಗೆ ಅವರು ಗೆದ್ದ ಕಪ್‌ಗಳ ಸಂಖ್ಯೆ ಉತ್ತರವಾಗದು. ಕೈಕಾಲಿಗೆ ಗೊತ್ತಿರುವುದನ್ನು ಅವರು ಮಾತಿಗೆ ಇಳಿಸಬಲ್ಲರೆ ಎಂದು ನೋಡಬೇಕು.

ಇದು ಎಲ್ಲ ವೇಗಿಗಳಿಗೂ ಸಾಧ್ಯವಿಲ್ಲ. ಸಾಧ್ಯವಾದವರಲ್ಲಿ ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್ ಒಬ್ಬರು. 1969, 1971 ಮತ್ತು 1973ರಲ್ಲಿ ವಿಶ್ವ ಚಾಂಪಿಯನ್ ಆದವರು. ಶಾಲೆಯಲ್ಲಿ ದಡ್ಡನೆನಿಸಿಕೊಂಡಿದ್ದ ಅವರಿಗೆ ಡಿಸ್ಲೆಕ್ಸಿಯಾ ಇದ್ದದ್ದು ತಿಳಿದದ್ದು ನಲವತ್ತು ದಾಟಿದ ಮೇಲೆ. ಓದಲು ತಿಣುಕುತ್ತಿದ್ದ ಈ ಮನುಷ್ಯ ಕಾರಿನ ನಡೆಯನ್ನು ಮಾತ್ರ ಎಳೆ ಎಳೆಯಾಗಿ ಬಿಡಿಸಿ ಹೇಳಬಲ್ಲವರಾಗಿದ್ದರು.

ಅವರ ಪಾಠ ವೇಗದ್ದಲ್ಲ, ಬ್ರೇಕಿನದು; ಅದೂ ಒತ್ತುವುದಕ್ಕಿಂತ ಬಿಡುವುದರದು. ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಆ ಭಾರದಿಂದಲೇ ಟಯರುಗಳು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಪೆಡಲಿನಿಂದ ಪಾದವನ್ನು ತಟಕ್ಕನೆ ಎತ್ತಿದರೆ ಕಾರಿನ ಮೂತಿ ಮೇಲೆದ್ದು ಹಿಡಿತ ಸಡಿಲವಾಗುತ್ತದೆ. ಕಾರು ತಿರುಗುವ ಬದಲು ನೇರಕ್ಕೆ ಜಾರುತ್ತದೆ. ಇದನ್ನು ಮನದಟ್ಟು ಮಾಡಿಸಲು ಸ್ಟೀವರ್ಟ್ ಮಾಮೂಲಿ ಕಾರೊಂದರ ಬಾನೆಟ್ ಮೇಲೆ ಬೋಗುಣಿಯಿಟ್ಟು, ಅದರಲ್ಲೊಂದು ಚೆಂಡು ಹಾಕುತ್ತಿದ್ದರು. ಚೆಂಡು ಹೊರಗೆ ಉರುಳದಂತೆ ಓಡಿಸಬೇಕು, ಅಷ್ಟೇ.

ಅವರ ಅತ್ಯಂತ ಪ್ರೀತಿಯ ಶಿಷ್ಯ ಫ್ರಾನ್ಸಿನ ಫ್ರಾಂಸ್ವಾ ಸೆವೆರ್. 1970ರಲ್ಲಿ ಟಿರೆಲ್ ತಂಡ ಸೇರಿದ ಈ ಯುವಕನಿಂದ ಸ್ಟೀವರ್ಟ್ ಏನನ್ನೂ ಮುಚ್ಚಿಡಲಿಲ್ಲ. ಒಂದೇ ತಂಡದ ಚಾಲಕರೂ ಪರಸ್ಪರ ಎದುರಾಳಿಗಳಾಗಿರುವ ಈ ಆಟದಲ್ಲಿ ಇದು ಅಪರೂಪ. ಸೆವೆರ್ 1971ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಗೆದ್ದ. 1973ರ ಅಕ್ಟೋಬರ್ 6ರಂದು, ಅದೇ ಟ್ರ್ಯಾಕಿನಲ್ಲಿ ಹಾವಿನಂತೆ ಬಳುಕುವ ತಿರುವುಗಳಲ್ಲಿ ಕಾರು ಹಿಡಿತ ತಪ್ಪಿ ಸತ್ತ. ಈ ತಿರುವುಗಳ ಬಗ್ಗೆ ಗುರುಶಿಷ್ಯರಲ್ಲಿ ಭಿನ್ನಾಭಿಪ್ರಾಯವಿತ್ತು. ಸ್ವಲ್ಪ ಸಮಯ ಹೋದರೂ ಸರಿ, ಒಂದು ಗೇರು ಮೇಲಿಟ್ಟರೆ ಕಾರು ಶಾಂತವಾಗಿರುತ್ತದೆ ಎಂಬುದು ಸ್ಟೀವರ್ಟ್ ಮತ. ಎಂಜಿನ್ನಿನ ಪೂರ್ತಿ ಕಸುವು ಸಿಗುವ ಕೆಳಗಿನ ಗೇರೇ ಸೆವೆರ್‌ಗೆ ಇಷ್ಟ. ಅಪಘಾತಕ್ಕೆ ಅದೇ ಕಾರಣವೆಂದು ಹೇಳಲಾಗದು. ಸ್ಟೀವರ್ಟ್ ಆ ಋತುವಿನ ಕೊನೆಗೆ ನಿವೃತ್ತರಾಗಲು ಮೊದಲೇ ನಿರ್ಧರಿಸಿದ್ದರು. ತಂಡದ ಹಿರಿತನ ಸೆವೆರ್‌ಗೆ ಬರುವುದರಲ್ಲಿತ್ತು. ಆತನಿಗೆ ಅದು ಗೊತ್ತಿರಲಿಲ್ಲ. ಮರುದಿನದ ಓಟ ಸ್ಟೀವರ್ಟ್ ಅವರ ನೂರನೆಯದಾಗಬೇಕಿತ್ತು. ಅವರು ಆ ಓಟಕ್ಕೂ ಇಳಿಯಲಿಲ್ಲ, ಮತ್ತೆ ಯಾವ ಫಾರ್ಮುಲಾ ಒನ್ ಸ್ಪರ್ಧೆಗೂ ಇಳಿಯಲಿಲ್ಲ. ಕಲಿಸುವುದನ್ನು ಮಾತ್ರ ಬಿಡಲಿಲ್ಲ.

ಹಳಬರ ವಿದ್ಯೆ ತುಕ್ಕು ಹಿಡಿದಿರುತ್ತದೆ ಎಂಬ ಆಕ್ಷೇಪವೂ ಉಂಟು. ಅದು ಪೂರ್ತಿ ಸುಳ್ಳಲ್ಲ. ಸ್ಟೀರಿಂಗಿನಿಂದ ಕೈ ತೆಗೆಯದೆ ಗೇರು ಬದಲಿಸುವ ವ್ಯವಸ್ಥೆಯನ್ನು ಫೆರಾರಿ 1989ರಲ್ಲಿ ತಂದ ಮೇಲೆ ಹಳೆಯ ಗೇರಿನ ಕೈಚಳಕ ಮೂಲೆಗೆ ಬಿತ್ತು. ಎಲ್ಲಿ ಎಷ್ಟು ಬ್ರೇಕ್ ಒತ್ತಿದ ಎಂಬುದನ್ನು ಈಗ ಕಂಪ್ಯೂಟರೇ ಗೆರೆ ಎಳೆದು ತೋರಿಸುತ್ತದೆ. ಹುಡುಗ ಅಲ್ಲಿ ಯಾಕೆ ಬೆದರಿದ ಎಂಬುದು ಆ ಗೆರೆಯಲ್ಲಿ ಕಾಣದು. ಅದನ್ನು ಊಹಿಸಬಲ್ಲವರು ಅಲ್ಲೇ ಒಮ್ಮೆ ಬೆದರಿದವರು.

ಭಾರತದಿಂದ ಫಾರ್ಮುಲಾ ಒನ್ ಓಟಗಳಿಗೆ ಇಳಿದವರು ಇಬ್ಬರೇ: 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಾಂಧೋಕ್. ಕೊಯಮತ್ತೂರಿನ ಕಾರ್ತಿಕೇಯನ್ ಅವರ ತಂದೆ ಸ್ವತಃ ರ‍್ಯಾಲಿ ಚಾಲಕರು. ಆದರೂ ಮಗ ಈ ವಿದ್ಯೆಗಾಗಿ 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ವಿನ್‌ಫೀಲ್ಡ್ ಶಾಲೆಗೆ ಹೋಗಬೇಕಾಯಿತು. ಇಂದಿನ ಮಕ್ಕಳು ಊರಿನ ಕಾರ್ಟಿಂಗ್ ಟ್ರ್ಯಾಕಿನಲ್ಲೇ ಓನಾಮ ಹಾಕಬಹುದು. ಕಾರ್ಟಿನಲ್ಲೂ ಒಂದೇ ಸೀಟು. ಅಲ್ಲಿ ಗುರು ತಿರುವಿನ ಪಕ್ಕ ನಿಂತು, ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬುತ್ತಾರೆ. ಹುಡುಗ ಆಕ್ಸಿಲರೇಟರಿನಿಂದ ಕಾಲೆತ್ತಿದ್ದು ಎಂಜಿನ್ನಿನ ಸದ್ದಿನಲ್ಲೇ ತಿಳಿಯುತ್ತದೆ.