ಒಂದು ದೋಣಿ, ಮೂರು ಕೆಲಸ: ಮೋಟಾರು ದೋಣಿಯ ಆಯ್ಕೆ ಹೇಗೆ?

ಮೈಸೂರಿನ ಕೆಸರೆಯಂಥ ಬಡಾವಣೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ದೋಣಿ ಎಂದೊಡನೆ ನೆನಪಾಗುವುದು ಕಾರಂಜಿ ಕೆರೆಯ ತುಳಿಯುವ ದೋಣಿ ಅಥವಾ ರಂಗನತಿಟ್ಟಿನ ಹುಟ್ಟುಹಾಕುವ ದೋಣಿ. ಕಬಿನಿ ಹಿನ್ನೀರಿನವರೆಗೆ ಹೋದವರು ಮೋಟಾರು ದೋಣಿಯಲ್ಲಿ ಕುಳಿತು ಆನೆಗಳ ಹಿಂಡನ್ನು ನೋಡಿರಬಹುದು. ಘಟ್ಟ ಇಳಿದು ಕರಾವಳಿಗೆ ಬಂದರೆ ಚಿತ್ರವೇ ಬೇರೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 320 ಕಿ.ಮೀ. ಉದ್ದದ ಕಡಲತೀರದಲ್ಲಿ ಮೋಟಾರು ದೋಣಿ ಅನ್ನ ಕೊಡುವ ಸಾಧನ. ಒಮ್ಮೊಮ್ಮೆ ಅದು ಪ್ರಾಣದ ಪ್ರಶ್ನೆಯೂ ಹೌದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುರ್ಡೇಶ್ವರದ ಬಳಿಯ ಕೆಲವು ಯುವಕರು ಕೂಡಿ ಸುಮಾರು 25 ಅಡಿ ಉದ್ದದ ಒಂದು ದೋಣಿ ಕೊಳ್ಳಬೇಕೆಂದಿದ್ದಾರೆ. ಪ್ರವಾಸಿಗರನ್ನು ವಿಹಾರಕ್ಕೆ ಕರೆದೊಯ್ಯಬೇಕು; ತೀರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಮುಳುಗುಗಾರರನ್ನು ಮುಟ್ಟಿಸಬೇಕು. ಉಳಿದ ದಿನಗಳಲ್ಲಿ ಮೀನು ಹಿಡಿಯಬೇಕು. ಅವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಅಶ್ವಶಕ್ತಿಯ ಎಂಜಿನ್?’ ಎಂಬುದು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ‘ದೋಣಿ ಎಷ್ಟು ಭಾರ ಹೊರಬೇಕು, ಆ ಭಾರ ಎಲ್ಲಿ ಕೂರುತ್ತದೆ?’ ಎಂಬುದು. ಏಕೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹೊರಗೆ ತೂಗುವ ಎಂಜಿನ್

ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ. ಎಂಜಿನ್, ಗೇರು, ನೀರನ್ನು ತಳ್ಳುವ ಪಂಖ ಎಲ್ಲವೂ ಇದರಲ್ಲಿ ಒಂದೇ ಘಟಕ. ಇಡೀ ಘಟಕವನ್ನೇ ತಿರುಗಿಸಿದರೆ ದೋಣಿ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ತಯಾರಿಸಿದ ಎಂಜಿನ್ ಇದನ್ನು ಜನಪ್ರಿಯಗೊಳಿಸಿತು. ಅದರ ಶಕ್ತಿ ಕೇವಲ ಒಂದೂವರೆ ಅಶ್ವಶಕ್ತಿ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ನಡೆಯುವ ಸಣ್ಣ ಔಟ್‌ಬೋರ್ಡ್‌ಗಳು ಬಹುಕಾಲದಿಂದ ಬಳಕೆಯಲ್ಲಿವೆ.

ಇದರ ಅನುಕೂಲ ಸ್ಪಷ್ಟ. ನೀರು ಆಳವಿಲ್ಲದ ಕಡೆ ಎಂಜಿನ್ನನ್ನು ಮೇಲಕ್ಕೆ ಎತ್ತಬಹುದು, ಕೆಟ್ಟರೆ ಬಿಚ್ಚಿ ದುರಸ್ತಿಗೆ ಒಯ್ಯಬಹುದು. ದೋಣಿಯ ಒಳಗೂ ಜಾಗ ಉಳಿಯುತ್ತದೆ. ಅನಾನುಕೂಲವೂ ಅಷ್ಟೇ ಸ್ಪಷ್ಟ. 115 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ ಸುಮಾರು 175 ಕಿಲೋ ತೂಗುತ್ತದೆ. ಎರಡು ಹಾಕಿದರೆ 350 ಕಿಲೋ, ಅದೂ ದೋಣಿಯ ಕಟ್ಟಕಡೆಯ ತುದಿಯಲ್ಲಿ.

ಸೀಳುವುದು, ಜಾರುವುದು

ದೋಣಿ ನೀರಿನಲ್ಲಿ ಎರಡು ಬಗೆಯಲ್ಲಿ ಸಾಗಬಲ್ಲುದು. ಮೊದಲನೆಯದು ನೀರನ್ನು ಸೀಳಿಕೊಂಡು ಹೋಗುವುದು. ಆಗ ದೋಣಿ ತನ್ನ ಮುಂದೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ಅದು ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತನ್ನದೇ ಅಲೆಯ ಗುಡ್ಡ ಹತ್ತಲಾರದೆ ಏದುಸಿರು ಬಿಡತೊಡಗುತ್ತದೆ. ಈ ಮಿತಿಗೆ ಒಂದು ಸರಳ ಸೂತ್ರವಿದೆ: ನೀರಿಗೆ ತಗಲುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಈ ಉದ್ದ 25 ಅಡಿಯಾದರೆ ಉತ್ತರ 6.7 ನಾಟ್, ಅಂದರೆ ಗಂಟೆಗೆ ಸುಮಾರು 12.4 ಕಿ.ಮೀ. ಈ ವೇಗದಲ್ಲಿ ನೇತ್ರಾಣಿಗೆ ಒಂದೂವರೆ ಗಂಟೆ ಬೇಕು.

ಎರಡನೆಯದು, ಸಾಕಷ್ಟು ಶಕ್ತಿಯಿಂದ ಆ ಗುಡ್ಡವನ್ನು ದಾಟಿ ನೀರಿನ ಮೇಲ್ಮೈಯಲ್ಲಿ ಜಾರಿಕೊಂಡು ಹೋಗುವುದು. 20 ನಾಟ್ ವೇಗವೆಂದರೆ ಗಂಟೆಗೆ 37 ಕಿ.ಮೀ.; ನೇತ್ರಾಣಿ ಅರ್ಧ ಗಂಟೆಯ ದಾರಿ. ಆದರೆ ಭಾರ ಹೆಚ್ಚಾದರೆ ದೋಣಿ ಜಾರಲಾರದು. ಮೂತಿ ಮೇಲೆತ್ತಿ, ಬಾಲ ಮುಳುಗಿಸಿ, ಪೆಟ್ರೋಲು ಕುಡಿಯುತ್ತ ತೆವಳುತ್ತದೆ. ಅಶ್ವಶಕ್ತಿಯ ಲೆಕ್ಕ ಭಾರದ ಲೆಕ್ಕದ ಹಿಂದೆ ಬರಬೇಕು ಎನ್ನುವುದು ಇದಕ್ಕೇ.

ತಳದ ಆಕಾರವೂ ಮುಖ್ಯ. ಚಪ್ಪಟೆ ತಳದ ದೋಣಿ ಬೇಗ ಜಾರುತ್ತದೆ, ನಿಂತಾಗ ಅಲುಗಾಟವೂ ಕಡಿಮೆ. ಆದರೆ ಅಲೆಗೆ ಸಿಕ್ಕರೆ ಬೆನ್ನುಮೂಳೆ ಜಖಂ ಆಗುವಂತೆ ಬಡಿಯುತ್ತದೆ. ‘ವಿ’ ಅಕ್ಷರದಂಥ ಆಳವಾದ ತಳ ಅಲೆಯನ್ನು ಮೆತ್ತಗೆ ಕತ್ತರಿಸುತ್ತದೆ. 1960ರ ಮಯಾಮಿ–ನಸ್ಸೌ ಸಮುದ್ರ ಪಂದ್ಯದಲ್ಲಿ ‘ಮಾಪಿ’ ಎಂಬ 30 ಅಡಿಯ ದೋಣಿ ಗೆದ್ದಾಗ ಈ ಆಕಾರದ ಗುಣ ಲೋಕಕ್ಕೆ ತಿಳಿಯಿತು. ಆದರೆ ‘ವಿ’ ಆಳವಾದಷ್ಟೂ ನಿಂತ ದೋಣಿ ಹೆಚ್ಚು ಹೊರಳುತ್ತದೆ, ಹೆಚ್ಚು ಶಕ್ತಿಯನ್ನೂ ಬೇಡುತ್ತದೆ. ಕಬಿನಿಯ ಶಾಂತ ನೀರಿಗೆ ಹೆಚ್ಚುಕಡಿಮೆ ಚಪ್ಪಟೆಯಾದ ತಳ ಸಾಕು. ಅರಬ್ಬಿ ಸಮುದ್ರಕ್ಕೆ ಹಿಂಬದಿಯಲ್ಲಿ ಸುಮಾರು 20 ಡಿಗ್ರಿ ಇಳಿಜಾರಿನ ‘ವಿ’ ತಳ ಒಳ್ಳೆಯ ಹೊಂದಾಣಿಕೆ.

ಮೂರು ಕೆಲಸಗಳ ಜಗಳ

ಮೂರು ಕೆಲಸಗಳೂ ಒಂದೇ ದೋಣಿಯಿಂದ ಬೇರೆಬೇರೆಯದನ್ನು ಕೇಳುತ್ತವೆ. ವಿಹಾರಕ್ಕೆ ಬಂದವರಿಗೆ ನೆರಳು ಬೇಕು, ಆಸನ ಬೇಕು. ಮೀನು ಹಿಡಿಯುವವರಿಗೆ ತೆರೆದ ಜಾಗ, ತೊಡೆಯೆತ್ತರದ ಅಂಚು, ಮಂಜುಗಡ್ಡೆಯ ಪೆಟ್ಟಿಗೆ ಬೇಕು. ಮುಳುಗುಗಾರರಿಗೆ ನೀರಿನಿಂದ ಹತ್ತಲು ಏಣಿ, ಗಾಳಿಯ ಸಿಲಿಂಡರುಗಳು ಉರುಳದಂತೆ ನಿಲ್ಲಿಸುವ ಚೌಕಟ್ಟು ಬೇಕು. ಅವರು ಹತ್ತುವಾಗ ಎಂಜಿನ್ ಪೂರ್ತಿ ನಿಂತಿರಬೇಕು. ಪಂಖ ತಿರುಗುತ್ತಿದ್ದರೆ ಅದು ಕತ್ತಿ.

ಒಬ್ಬರಿಗೆ ಎತ್ತರದ ಅಂಚು, ಇನ್ನೊಬ್ಬರಿಗೆ ತಗ್ಗು ಅಂಚು. ಇದಕ್ಕೆ ಪರಿಹಾರವೆಂದರೆ ಅಂಚನ್ನು ಎತ್ತರವಾಗಿಯೇ ಇಟ್ಟು ಗಟ್ಟಿ ಏಣಿ ಜೋಡಿಸುವುದು. ಚಾಲಕನ ಜಾಗ ನಡುವೆ ಇದ್ದು ಸುತ್ತಲೂ ಓಡಾಡುವಂತಿದ್ದರೆ ಮೂರೂ ಕೆಲಸಕ್ಕೆ ಒದಗುತ್ತದೆ. ನೆರಳಿಗೆ ಹಗುರ ಬಟ್ಟೆಯ ಚಪ್ಪರ ಸಾಕು. ಜನ ಹತ್ತಿ ಕೂರಬಲ್ಲ ಛಾವಣಿ ಖಂಡಿತ ಬೇಡ.

ಈಗ ಲೆಕ್ಕ

ಆರು ಮುಳುಗುಗಾರರು, ಇಬ್ಬರು ಮಾರ್ಗದರ್ಶಕರು, ಇಬ್ಬರು ಸಿಬ್ಬಂದಿ: ತಲಾ 70 ಕಿಲೋ ಎಂದರೆ 700 ಕಿಲೋ. ನೀರಿಗಿಳಿಯುವ ಎಂಟು ಜನಕ್ಕೆ ಎರಡೆರಡು ಸಿಲಿಂಡರು; ಒಂದು ಸುಮಾರು 16 ಕಿಲೋ ಎಂದುಕೊಂಡರೆ 256 ಕಿಲೋ. 100 ಲೀಟರ್ ಪೆಟ್ರೋಲಿಗೆ 75 ಕಿಲೋ. ಲಂಗರು, ಹಗ್ಗ, ಕುಡಿಯುವ ನೀರು, ಸಲಕರಣೆಗೆ 120 ಕಿಲೋ. ಒಟ್ಟು ಸುಮಾರು 1150 ಕಿಲೋ. ಎಂಜಿನ್ನುಗಳ ತೂಕ ಇದಕ್ಕೆ ಹೊರತು.

25 ಅಡಿ, ಅಂದರೆ 7.6 ಮೀಟರ್ ಉದ್ದ, 2.4 ಮೀಟರ್ ಅಗಲದ ದೋಣಿ ನೀರಿನ ಮಟ್ಟದಲ್ಲಿ ಆಕ್ರಮಿಸುವ ಜಾಗ ಸುಮಾರು 12.8 ಚದರ ಮೀಟರ್ ಎಂದುಕೊಳ್ಳಿ. ಸಮುದ್ರದ ನೀರು ಘನ ಮೀಟರಿಗೆ ಸುಮಾರು 1025 ಕಿಲೋ ತೂಗುತ್ತದೆ. ಆರ್ಕಿಮಿಡೀಸನ ತತ್ವದಂತೆ ಈ ದೋಣಿ ಒಂದು ಸೆಂಟಿಮೀಟರ್ ಮುಳುಗಲು ಸುಮಾರು 131 ಕಿಲೋ ಭಾರ ಬೇಕು. 1150 ಕಿಲೋ ಹೇರಿದರೆ ಮುಳುಗುವುದು ಸುಮಾರು 9 ಸೆಂಟಿಮೀಟರ್.

ಅಪಾಯ ಅಡಗಿರುವುದು ಇಲ್ಲೇ. ಇನ್ನೂ ಐದು ಜನರನ್ನು ಹತ್ತಿಸಿದರೆ ದೋಣಿ ಮತ್ತೆ ಮುಳುಗುವುದು ಮೂರು ಸೆಂಟಿಮೀಟರಿಗಿಂತ ಕಡಿಮೆ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಆ ಐವರು ಡಾಲ್ಫಿನ್ ನೋಡಲೆಂದು ನಡುವಿನಿಂದ ಒಂದು ಮೀಟರ್ ಪಕ್ಕಕ್ಕೆ ಸರಿದರೆ 350 ಕಿಲೋ ಭಾರ ಒಂದೇ ಕಡೆಗೆ ಜಗ್ಗುತ್ತದೆ. ಮೇಲೆ ಹತ್ತಿ ಕುಳಿತರೆ ಗುರುತ್ವ ಕೇಂದ್ರ ಮೇಲೇರಿ, ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಒಳಗೆ ನೀರು ನಿಂತಿದ್ದರೆ ಅದೂ ವಾಲಿದ ಕಡೆಗೇ ಹರಿಯುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಜಲಸಮಾಧಿಯಾದರು. ಅದು ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿದ ದೋಣಿ, ಅದರಲ್ಲಿ ಮಿತಿಮೀರಿ ಜನರಿದ್ದರು. ಒಂದು ಕೆಲಸಕ್ಕೆ ಕಟ್ಟಿದ ದೋಣಿಯನ್ನು ಲೆಕ್ಕವಿಲ್ಲದೆ ಇನ್ನೊಂದಕ್ಕೆ ಬಳಸಿದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಎಂಜಿನ್ನೋ, ಎರಡೋ?

ತೀರದಿಂದ 19 ಕಿ.ಮೀ. ದೂರ ಹೋಗುವ ದೋಣಿಗೆ ಎರಡು ಎಂಜಿನ್ ಇದ್ದರೆ ಒಳ್ಳೆಯದು. ಒಂದು ಕೆಟ್ಟರೆ ದೋಣಿ ಜಾರಲಾರದು, ಆದರೆ ಸೀಳಿಕೊಂಡಾದರೂ ಮನೆ ಸೇರುತ್ತದೆ. ಎರಡಕ್ಕೂ ಒಂದೇ ಟ್ಯಾಂಕು, ಒಂದೇ ಸೋಸುಕವಿದ್ದರೆ ಪೆಟ್ರೋಲಿನಲ್ಲಿ ನೀರು ಸೇರಿದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದ ಅವು ಬೇರೆಬೇರೆ ಇರಲಿ. ಕಬಿನಿಯಂಥ ಕಡೆ ಒಂದು ಎಂಜಿನ್, ಜೊತೆಗೆ ಹುಟ್ಟು ಸಾಕಾದೀತು. ಅಲ್ಲಿ ಸದ್ದು, ಹೊಗೆ ಕಡಿಮೆ ಇರುವುದೇ ಮುಖ್ಯ ಗುಣ.

ಪೆಟ್ರೋಲಿಗೆ ನಾವಿಕರ ಹಳೆಯ ನಿಯಮವಿದೆ: ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು. ಬೆಳಿಗ್ಗೆ ಶಾಂತವಾಗಿದ್ದ ಕಡಲು ಮಧ್ಯಾಹ್ನ ಗಾಳಿಯೆದ್ದು ಕೆರಳುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಮರಳುವಾಗ ಅಳಿವೆಯ ಬಾಯಲ್ಲಿ ಅಲೆ ಹಿಂದಿನಿಂದ ಬರುತ್ತದೆ, ಎಂಜಿನ್ನಿನ ಭಾರದಿಂದ ತಗ್ಗಿದ ಹಿಂಬದಿಗೇ ಬಡಿಯುತ್ತದೆ. ಆದ್ದರಿಂದ ಎಂಜಿನ್ನಿನ ಮುಂದೆ ಎತ್ತರದ ತಡೆ, ನೀರು ತಾನಾಗಿ ಹೊರಹರಿಯುವ ನೆಲ ಇರುವ ದೋಣಿಯನ್ನೇ ಆರಿಸಬೇಕು. ಫೈಬರ್ ಗ್ಲಾಸ್ ನೀರಿಗಿಂತ ಭಾರವಾದ ವಸ್ತು. ಹಾಗಾಗಿ ಮಗುಚಿದರೂ ದೋಣಿ ತೇಲುವಂತೆ ಒಳಗೆ ನೊರೆಪದಾರ್ಥ ತುಂಬಿದೆಯೇ ಎಂದು ವಿಚಾರಿಸಬೇಕು.

ಕೊಳ್ಳುವ ಮುನ್ನ

ಖಾಲಿ ದೋಣಿಯಲ್ಲಿ ಒಂದು ಸುತ್ತು ಹೊಡೆದು ಮೆಚ್ಚಬೇಡಿ. ಪೂರ್ತಿ ಭಾರ ಹೇರಿ, ಅಲೆಯಿರುವ ಹೊತ್ತಿನಲ್ಲಿ ಓಡಿಸಿ ನೋಡಿ. ತಯಾರಕರು ನಮೂದಿಸಿದ ಭಾರದ ಮಿತಿ, ಜನರ ಮಿತಿ ಓದಿ. ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಇರಬೇಕು, ಅದು ಮೈಮೇಲಿರಬೇಕು. ದುರಸ್ತಿ ಮಾಡುವವರು, ಬಿಡಿಭಾಗಗಳು ಹತ್ತಿರದಲ್ಲಿ ದೊರೆಯುತ್ತವೆಯೇ ತಿಳಿಯಿರಿ. ಒಳನಾಡಿನ ಜಲಮಾರ್ಗಗಳಲ್ಲಿ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗುಗಳ ಕಾಯಿದೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದನ್ನೂ ಆದಾಯದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಮಾಡಿ ನೋಡಿ

ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಡಿ. ನೀರು ತುಂಬಿ ಮುಚ್ಚಳ ಹಾಕಿದ ಸಣ್ಣ ಸೀಸೆಯನ್ನು ಅದರಲ್ಲಿ ಮಲಗಿಸಿ, ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಆಮೇಲೆ ಅದೇ ಸೀಸೆಯನ್ನು ಡಬ್ಬಿಯ ನಡುವೆ ನೆಟ್ಟಗೆ ಅಂಟಿಸಿ ನಿಲ್ಲಿಸಿ, ಮತ್ತೆ ಒತ್ತಿ. ಎರಡು ಸಲವೂ ಭಾರ ಒಂದೇ, ಡಬ್ಬಿ ಮುಳುಗಿದ ಆಳವೂ ಒಂದೇ. ವಾಲಿದ ಡಬ್ಬಿ ನೆಟ್ಟಗಾಗುವ ಬಗೆ ಮಾತ್ರ ಒಂದೇ ಅಲ್ಲ. ಕೊನೆಗೆ ಡಬ್ಬಿಯೊಳಗೆ ಎರಡು ಲೋಟ ನೀರು ಸುರಿದು ಇದನ್ನೇ ಮಾಡಿ, ಕಂಡದ್ದನ್ನು ಬರೆದಿಡಿ. ಮುಂದೆ ಯಾವುದೇ ಜಾತ್ರೆಯ ದೋಣಿ ಹತ್ತುವ ಮುನ್ನ ಜನರನ್ನು ಎಣಿಸಲು ಈ ಪ್ರಯೋಗ ನಿಮಗೆ ನೆನಪು ಮಾಡಿಕೊಡಲಿ.